ಎಂಜಲಿನ ವಿಚಾರಣೆ

ಇಷ್ಟಕ್ಕೆಲ್ಲ ಕಾರಣ ಒಂದು ತುತ್ತು. ಬಿಸಿ ಇದೆಯೇ ಎಂದು ತಮ್ಮ ತುಟಿಗೆ ತಾಗಿಸಿ ನೋಡಿ ಅತ್ತೆ ಅದನ್ನು ಮೊಮ್ಮಗಳ ಬಾಯಿಗಿಟ್ಟಿದ್ದನ್ನು, ಬೂಟಿನ ಲೇಸು ಕಟ್ಟುತ್ತಿದ್ದ ಅಳಿಯ ನೋಡಿಬಿಟ್ಟ.

ಅಳಿಯ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಆರು ವರ್ಷದ ಮಗಳಿಗೆ ಹೊಟ್ಟೆಯಲ್ಲಿ ಹುಣ್ಣು. ಕಳೆದ ವಾರ ಗಂಟಲಿಗೆ ಟ್ಯೂಬ್ ಇಳಿಸಿ ಹುಣ್ಣಿನ ಒಂದು ಚೂರನ್ನು ಪರೀಕ್ಷೆಗೆ ತೆಗೆದಿದ್ದರು. ಹುಣ್ಣು ತರುವ ಬ್ಯಾಕ್ಟೀರಿಯಾದ ತಳಿ ಗೊತ್ತಾದರೆ ಸರಿಯಾದ ಔಷಧ. ಜೊತೆಗೆ ಅದರ ಜೀನನ್ನು ಮನೆಯವರ ಹೊಟ್ಟೆಯ ಬ್ಯಾಕ್ಟೀರಿಯಾದ ಜೀನಿನೊಂದಿಗೆ ಹೋಲಿಸಿದರೆ, ಯಾರದು ಮಗುವಿಗೆ ಬಂತೆಂಬುದೂ ಬಯಲು. ಹಾಗಾಗಿ ಮನೆಮಂದಿಯೆಲ್ಲ ಮಲದ ಡಬ್ಬಿ ಕೊಟ್ಟಿದ್ದರು. ಮಹಡಿ ಮೇಲಿನ ನಿವೃತ್ತ ಮೇಷ್ಟ್ರೂ ಕೇಳದೆಯೇ ಒಂದು ತಂದಿಟ್ಟು, "ನಾಳೆ ನನ್ನ ಮೇಲೆ ಬರೋದು ಬೇಡ" ಎಂದಿದ್ದರು.

"ಸಂಜೆ ವರದಿ ಬರತ್ತಲ್ಲ, ಆಮೇಲೆ ಮಾತಾಡಿ," ಎಂದಳು ಹೆಂಡತಿ.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನಿಮ್ಮಮ್ಮನ ಎಂಜಲೇ ಇದಕ್ಕೆಲ್ಲ ಕಾರಣ."

"ನಾನು ಆವತ್ತೇ ಹೇಳಿದ್ದೆ," ಎಂದರು ಮೆಟ್ಟಿಲ ಮೇಲಿಂದ ಮೇಷ್ಟ್ರು. ಅವರು ಯಾವತ್ತೂ ಹೇಳಿರಲಿಲ್ಲ.

ಅತ್ತೆ ಚೀಲಕ್ಕೆ ಬಟ್ಟೆ ತುಂಬಿಕೊಂಡರು. "ನನ್ನ ಮಗಳನ್ನೂ ಹೀಗೇ ಸಾಕಿದ್ದು. ನಿಮ್ಮನ್ನ ತಡ್ಕೊಳ್ಳೋಷ್ಟು ಗಟ್ಟಿಯಾಗಿದ್ದಾಳೆ," ಎಂದು ತಮ್ಮ ಮನೆಗೆ ಬಸ್ ಹತ್ತಿದರು. ಮಗು ಅತ್ತಿತು. "ಇನ್ಮೇಲೆ ಟ್ಯೂಬ್ ಇಲ್ಲ ಪುಟ್ಟಿ, ಆಣೆ," ಎಂದು ಅಪ್ಪ ಸಮಾಧಾನ ಮಾಡಿದ.

ಮನೆಯವರ ಸ್ಯಾಂಪಲ್ ಮುಟ್ಟಬಾರದೆಂಬುದು ಲ್ಯಾಬಿನ ಕಟ್ಟುಪಾಡು. ಬೇರೆಯವರ ಕೈಯನ್ನು ನಂಬದೆ ಅವನು ಮಗಳ ಚೂರಿನಲ್ಲಿದ್ದ ಬ್ಯಾಕ್ಟೀರಿಯಾವನ್ನು ಕದ್ದುಮುಚ್ಚಿ ತಾನೇ ತಟ್ಟೆಯಲ್ಲಿ ಬೆಳೆಸಿದ್ದ. ಸಂಜೆ ಮೇಲಧಿಕಾರಿ ಮೇಡಂ ಕರೆದರು.

"ಅತ್ತೆಯದು ಹೊಂದತ್ತಾ ಮೇಡಂ?"

"ಅವರ ಹೊಟ್ಟೇಲಿ ಆ ಬ್ಯಾಕ್ಟೀರಿಯಾನೇ ಇಲ್ಲ."

"ಮೇಷ್ಟ್ರದು?" ಎಂದ ಆಸೆಯಿಂದ.

"ಯಾರದೂ ಅಲ್ಲ. ಮಗೂನ ಚೂರಲ್ಲಿ ಬೆಳೆದಿರೋದು ನಮ್ಮ ಫ್ರಿಜ್ಜಿನ ಹದಿನೇಳನೇ ಬಾಟಲಿದು, ಹೋಲಿಸಿ ನೋಡೋಕೆ ಲ್ಯಾಬಲ್ಲಿ ಇಟ್ಟಿರೋ ಬ್ಯಾಕ್ಟೀರಿಯಾ. ಮಗೂನ ಚೂರು ಬಂದ ದಿನ ಆ ಬಾಟಲಿ ತೆಗೆದಿದ್ದು ಯಾರು?"

ತೆಗೆದವನು ಅವನೇ. ಮೊದಲು ಬಾಟಲಿ, ಆಮೇಲೆ ಮಗಳ ಚೂರು. ನಡುವೆ ಗ್ಲೌಸು ಬದಲಿಸಿರಲಿಲ್ಲ.

"ಆ ಚೂರು ಕೆಟ್ಟುಹೋಯ್ತು. ನಾಳೆ ಬೆಳಿಗ್ಗೆ ಮಗೂನ ಕರ್ಕೊಂಡು ಬನ್ನಿ, ಮತ್ತೆ ಟ್ಯೂಬ್ ಇಳಿಸ್ಬೇಕು."

ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮನೆಗೆ ಬಂದು ಹೇಳಿದಾಗ ಮಗಳು ಅಳಲಿಲ್ಲ. "ಹೋದ್ಸಲ ಅಜ್ಜಿ ಕೈ ಹಿಡ್ಕೊಂಡಿದ್ರು. ಅಜ್ಜಿ ಬಂದ್ರೆ ಮಾತ್ರ ಬಾಯಿ ತೆಗೀತೀನಿ," ಎಂದಳು.

ಬಿಚ್ಚಿದ ಲೇಸನ್ನು ಅವನು ಮತ್ತೆ ಕಟ್ಟಿಕೊಂಡ.

ಅತ್ತೆ ತಮ್ಮ ಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. "ಬರ್ತೀನಿ. ಮಗು ಏನು ತಪ್ಪು ಮಾಡಿದೆ ಪಾಪ," ಎಂದರು. ಅಳಿಯ ಹೊಸಿಲಿಗೆ ಕಾಲಿಡಹೋದ. ಅವರು ಬಾಗಿಲಿಗೆ ಅಡ್ಡ ನಿಂತೇ ಇದ್ದರು.

"ನೀವು ಮೊದಲು ಕೈ ತೊಳ್ಕೊಳ್ಳಿ."