ಹುಳ ಮೇಯುವ ಸದ್ದಿಗೊಂದು ಮೈಕು

ಅಂತರ್ಜಾಲದಲ್ಲಿ ಕೂತು ಮೈಕುಗಳ ಬಗ್ಗೆ ಮಾತನಾಡುವ ಗಂಡಸರಷ್ಟು ಸುಖಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಿಂದೆ ನೇರಳೆ ಬಣ್ಣದ ದೀಪ, ಮುಂದೆ ಮೇಜಿನ ಮೇಲೆ ಸಾಲಾಗಿ ಏಳೆಂಟು ಮೈಕು. ಒಂದನ್ನು ಬಾಯಿಯ ಹತ್ತಿರ ಹಿಡಿದು, 'ಈಗ ನೀವು ಕೇಳ್ತಾ ಇರೋದು ಈ ಮೈಕಿನ ಧ್ವನಿ' ಎನ್ನುತ್ತಾರೆ. ಅದನ್ನಿಟ್ಟು ಇನ್ನೊಂದನ್ನು ಎತ್ತಿಕೊಂಡು ಅದೇ ಮಾತನ್ನು ಅದೇ ಹೆಮ್ಮೆಯಿಂದ ಹೇಳುತ್ತಾರೆ. ಇಷ್ಟೆಲ್ಲ ಮೈಕು ಇಟ್ಟುಕೊಂಡವರಿಗೆ ಹೇಳುವುದಕ್ಕೆ ಬೇರೆ ಏನಾದರೂ ಇದೆಯೇ ಎಂದು ನಾನು ಬಹಳ ದಿನ ಕಾದೆ. ಇಲ್ಲ. ಮೈಕು ಕೊಳ್ಳುವುದು ಮೈಕಿನ ಬಗ್ಗೆ ಹೇಳುವುದಕ್ಕೆ, ಹೇಳುವುದು ಇನ್ನೊಂದು ಮೈಕು ಕೊಳ್ಳುವುದಕ್ಕೆ. ಇದನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಅವರ ಮುಂದೆ ನಾನು ಕಳೆದಿರುವುದು ಪೂರ್ತಿ ಮೂರು ರೇಷ್ಮೆ ಬೆಳೆಗಳಷ್ಟು ಕಾಲ.

ಕಾಲವನ್ನು ರೇಷ್ಮೆ ಬೆಳೆಯಲ್ಲಿ ಅಳೆಯುವ ಪದ್ಧತಿ ನನ್ನದಲ್ಲ, ನಮ್ಮ ರತ್ನ ಚಿಕ್ಕಮ್ಮನದು. ಶಿಡ್ಲಘಟ್ಟದಲ್ಲಿ ಬಸ್ಸು ಇಳಿದು ಆಟೋದಲ್ಲಿ ಹೋದರೆ ಸಿಗುವ ಊರು ಅವಳದು. ಮದುವೆಯಾಗಿ ಹೋದ ದಿನದಿಂದ ಹುಳ ಸಾಕಿದ್ದಾಳೆ. ನನ್ನ ವಯಸ್ಸು ಕೇಳಿದವರಿಗೂ 'ಆ ವರ್ಷ ಹುಳಕ್ಕೆ ಸಪ್ಪೆ ರೋಗ ಬಂದಿತ್ತಲ್ಲ, ಆಗ ಹುಟ್ಟಿದ್ದು' ಎಂದೇ ಹೇಳುತ್ತಾಳೆ. ಯುಗಾದಿ ಕಳೆದ ಮೇಲೆ ಅವಳಿಗೆ ಉಬ್ಬಸ ಶುರುವಾಯಿತು. ಹುಳದ ಮನೆಯ ಧೂಳು ಆಗದು, ಸಾಕುವುದನ್ನು ಈಗಲೇ ಬಿಡಬೇಕು ಎಂದರು ಡಾಕ್ಟರು. ಚಿಕ್ಕಮ್ಮ ಡಾಕ್ಟರ ಹತ್ತಿರ ಚೌಕಾಸಿ ಮಾಡಿ, ತಾನು ಒಳಗೆ ಕಾಲಿಡದೆ ಬಾಗಿಲಲ್ಲೇ ಕೂತು ಹೇಳಿ ಮಾಡಿಸುವ ಷರತ್ತಿನ ಮೇಲೆ ಮೂರು ಬೆಳೆ ಒಪ್ಪಿಸಿಕೊಂಡು ಬಂದಳು. ಆಮೇಲೆ ಚಿಕ್ಕಪ್ಪ ಹಿಪ್ಪುನೇರಳೆ ಕಿತ್ತು ದಾಳಿಂಬೆ ಹಾಕುವುದು ಎಂದು ತೀರ್ಮಾನವಾಯಿತು.

ಆಗ ಅವಳು ನನಗೆ ಫೋನು ಮಾಡಿದಳು. "ನೀನು ಅದೇನೋ ಮಾತು ರೆಕಾರ್ಡು ಮಾಡಿ ಬಿಡ್ತೀಯಂತಲ್ಲ, ನಂಗೊಂದು ಕೆಲಸ ಮಾಡ್ಕೊಡ್ತೀಯೇನಮ್ಮ?"

ನಾನು ಅದೇನೋ ಮಾಡುವುದು ನಿಜ. ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಉಳಿದ ಹೊತ್ತಿನಲ್ಲಿ ಸಂತೆ, ಗಿರಣಿ, ಬಸ್ ನಿಲ್ದಾಣ ಎಂದು ಸುತ್ತಮುತ್ತಲ ಜಾಗಗಳ ಬಗ್ಗೆ ಒಂದು ಚಿಕ್ಕ ಪಾಡ್‌ಕಾಸ್ಟ್ ಮಾಡುತ್ತೇನೆ. ಕೇಳುವವರು ಎಷ್ಟು ಜನ ಎಂದು ಹೇಳಲಾರೆ; ಹೇಳಿದರೆ ಅವರಲ್ಲಿ ಕೆಲವರಿಗೆ ತಾವು ಯಾರೆಂದು ಎಲ್ಲರಿಗೂ ಗೊತ್ತಾಗಿಬಿಟ್ಟೀತೆಂಬ ಮುಜುಗರವಾದೀತು. ಚಿಕ್ಕಮ್ಮನಿಗೆ ಬೇಕಾಗಿದ್ದದ್ದು ಹುಳ ಮೇಯುವ ಸದ್ದು. ನಾಲ್ಕನೇ ಸಲ ಪೊರೆ ಕಳಚಿದ ಮೇಲೆ—ಅಲ್ಲಿಯವರು ಅದನ್ನು ನಾಲ್ಕನೇ ಜ್ವರ ಎನ್ನುತ್ತಾರೆ—ಹುಳಗಳು ಒಂದು ವಾರ ಒಂದೇ ಸಮನೆ ಸೊಪ್ಪು ತಿನ್ನುತ್ತವೆ. ಮನೆಯ ತುಂಬ ಸಾವಿರಾರು ಹುಳ ಒಟ್ಟಿಗೆ ಮೇಯುವಾಗ ಹೊರಗೆ ಜಿಟಿಜಿಟಿ ಮಳೆ ಹಿಡಿದ ಹಾಗೆ ಕೇಳುತ್ತದೆ. ಮಧ್ಯಾಹ್ನದ ಸೊಪ್ಪು ಹಾಕಿಸಿ, ಆ ಮನೆಯ ಗೋಡೆಗೆ ಹೊರಗಿನಿಂದ ತಲೆಯಿಟ್ಟು ಮಲಗಿದರೆ ಮಾತ್ರ ಚಿಕ್ಕಮ್ಮನಿಗೆ ಕಣ್ಣು ಹತ್ತುತ್ತದೆ. "ಹುಳ ಹೋದ್ರೆ ಹೋಗ್ಲಿ. ಆ ಸದ್ದೊಂದು ಇದ್ರೆ ಮಧ್ಯಾಹ್ನ ಒಂದು ಗಳಿಗೆ ಮಲಗ್ತೀನಿ. ಫೋನಲ್ಲೇ ಆಗಲ್ವೇನೆ?"

ಫೋನಿನಲ್ಲಿ ಆಗುವುದಿಲ್ಲ ಎಂದೆ. ಒಮ್ಮೆ ಹಿಡಿದು ನೋಡಿದ್ದೆ. ಯಾರೋ ಪಕ್ಕದ ಮನೆಯಲ್ಲಿ ಹಪ್ಪಳ ಕರಿದ ಹಾಗೆ ಬಂದಿತ್ತು. ಇಂಥ ಸದ್ದಿಗೆ ಸರಿಯಾದ ಉಪಕರಣ ಬೇಕು, ಎಲ್ಲಿಗಾದರೂ ಹೊತ್ತುಕೊಂಡು ಹೋಗುವಂಥದ್ದಿರಬೇಕು, ಯೋಚಿಸಿ ಆರಿಸುತ್ತೇನೆ ಎಂದೆ. ಮಿತವಾದ ಸಾಧನಗಳಲ್ಲಿ ಸರಿಯಾದದ್ದನ್ನು ಆರಿಸುವುದು ಹೇಗೆ ಎಂಬುದನ್ನು ನಾನು ವಾರಕ್ಕೆ ಹದಿನಾರು ಗಂಟೆ ಬೋಧಿಸುತ್ತೇನೆ. ಆ ಆತ್ಮವಿಶ್ವಾಸವೂ ಇತ್ತು.

ಮೊದಲ ಬೆಳೆ ಪೂರ್ತಿ ಓದುವುದರಲ್ಲಿ ಕಳೆಯಿತು. ಮುಂದಿನ ಸದ್ದನ್ನು ಮಾತ್ರ ಹಿಡಿಯುವುದು, ಸುತ್ತಲಿನ ಸದ್ದನ್ನೆಲ್ಲ ಹಿಡಿಯುವುದು, ಕಾಲರಿಗೆ ಸಿಕ್ಕಿಸುವುದು, ಕೋಲಿಗೆ ಕಟ್ಟುವುದು. ಒಂದಕ್ಕೆ ಬೆಕ್ಕಿನ ಮರಿಯಂಥ ತುಪ್ಪಳದ ಟೋಪಿ. ಒಂದು ಹಾಳೆಯಲ್ಲಿ ಗೆರೆ ಎಳೆದು ತೂಕ, ಬ್ಯಾಟರಿ, ತಂತಿ ಎಂದು ಪಟ್ಟಿ ಮಾಡಿದೆ. ಪಟ್ಟಿ ಎರಡನೆಯ ಹಾಳೆಗೆ ಹೋಯಿತು. ಅಷ್ಟರಲ್ಲಿ ಚಿಕ್ಕಮ್ಮ ಫೋನು ಮಾಡಿ, "ಹುಳ ಗೂಡು ಕಟ್ಟಿಬಿಟ್ವು ಕಣೇ, ಮುಂದಿನ ಬೆಳೆಗೆ ಬಾ" ಎಂದಳು.

ಎರಡನೆಯ ಬೆಳೆ ಸಲಹೆ ಕೇಳುವುದರಲ್ಲಿ ಹೋಯಿತು. ನಮ್ಮ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಶ್ರೀಧರ್ ಎಂಬವರಿದ್ದಾರೆ, ದಿನಾ ಗೌರಿಬಿದನೂರಿನಿಂದ ಓಡಾಡುತ್ತಾರೆ. ಅವರದೂ ಒಂದು ಪಾಡ್‌ಕಾಸ್ಟ್ ಇದೆ. ಬೆಳಿಗ್ಗೆ ಬೇಗ ಏಳುವುದರಿಂದ ಜೀವನದಲ್ಲಿ ಹೇಗೆ ಮುಂದೆ ಬರಬಹುದು ಎಂದು ಅದರಲ್ಲಿ ಜನರಿಗೆ ಹೇಳುತ್ತಾರೆ. ಮೊದಲ ಪೀರಿಯಡ್ಡಿಗೆ ಅವರು ಸರಿಯಾದ ಹೊತ್ತಿಗೆ ಬಂದದ್ದನ್ನು ನಾನು ಕಂಡಿಲ್ಲ. ಮನೆಯ ಕೋಣೆಯ ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದು ಅದಕ್ಕೆ ಸ್ಟುಡಿಯೊ ಎಂದು ಹೆಸರಿಟ್ಟಿದ್ದಾರೆ. ನಾನು ವಿಷಯ ಹೇಳುವುದಕ್ಕೆ ಬಾಯಿ ತೆರೆಯುತ್ತಿದ್ದಂತೆ ಅವರು ಕೈ ಅಡ್ಡ ಹಿಡಿದರು.

"ಮೇಡಂ, ಒಂದೇ ಮಾತು ಹೇಳ್ತೀನಿ. ನಾಯ್ಸ್. ಹೊರಗಡೆ ರೆಕಾರ್ಡಿಂಗು ಅಂದ್ರೆ ನಾಯ್ಸೇ ಶತ್ರು. ನಾಯ್ಸ್ ಕ್ಯಾನ್ಸಲ್ ಮಾಡೋದು ತಗೊಳಿ, ಮಿಕ್ಕಿದ್ದು ಬಿಟ್ಬಿಡಿ."

"ನಾನು ಮಾಡಬೇಕಾಗಿರೋದು..."

"ಏನಾದ್ರೂ ಆಗ್ಲಿ ಮೇಡಂ. ನಾಯ್ಸ್ ಇರಬಾರ್ದು."

ನನ್ನ ಮಾತನ್ನು ಕೇಳದೆ ಸಲಹೆ ಕೊಡುವವರ ಬಗ್ಗೆ ನನಗೆ ಮೊದಲಿನಿಂದಲೂ ತಿರಸ್ಕಾರ. ಆದರೂ ಎರಡು ಹಾಳೆಯ ಪಟ್ಟಿಯ ಮುಂದೆ ಆ ಒಂದೇ ಮಾತು ಎಷ್ಟು ಹಗುರವಾಗಿ, ಸ್ವಚ್ಛವಾಗಿ ಕಂಡಿತೆಂದರೆ, ಪಟ್ಟಿಯ ತಲೆಗೆ ಅದನ್ನೇ ಬರೆದು ಕೆಳಗೆ ಎರಡು ಗೆರೆ ಎಳೆದೆ. ಮೂರನೆಯ ಬೆಳೆಯ ಹುಳಗಳು ಎರಡನೇ ಜ್ವರಕ್ಕೆ ಕೂತ ಸುದ್ದಿ ಬಂದಾಗ ಚಿಂತಾಮಣಿಗೆ ಹೋದೆ. ಮದುವೆಯ ವಿಡಿಯೊ ತೆಗೆಯುವವರಿಗೆ ಸಾಮಾನು ಮಾರುವ ಅಂಗಡಿ. ಅಂಗಡಿಯವನು ಜೇಬಿನಲ್ಲಿ ಹಿಡಿಯುವ ಒಂದು ಯಂತ್ರ ತೆಗೆದು, ಟೇಬಲ್ ಫ್ಯಾನನ್ನು ಅದರ ಮೂತಿಗೇ ತಿರುಗಿಸಿ, ಫ್ಯಾನು ಭರ್ರೆನ್ನುತ್ತಿರುವಾಗ "ವಧೂವರರಿಗೆ ಶುಭವಾಗಲಿ" ಎಂದು ಹೇಳಿ, ಆಮೇಲೆ ನನಗೆ ಕೇಳಿಸಿದ. ಫ್ಯಾನು ಇಲ್ಲವೇ ಇಲ್ಲ! ಶುಭವಾಗಲಿ ಮಾತ್ರ ಗಂಟೆಯಂತೆ ಕೇಳಿಸಿತು.

"ಮಳೆ ಸುರೀತಿದ್ರೂ ಹಿಂಗೇ ಬರ್ತದಾ?" ಎಂದು ಕೇಳಿದೆ. ನಾನೇ ಕೇಳಿದೆ, ನನ್ನದೇ ಬಾಯಿಂದ.

"ಮೇಡಂ, ಜೋರು ಮಳೇಲಿ ಇಟ್ಟು ನೋಡಿ. ಒಂದು ಹನಿ ಕೇಳಿಸಿದ್ರೆ ವಾಪಸ್ ತಂದ್ಕೊಡಿ."

ಸಂತೋಷದಿಂದ ಕೊಂಡುಕೊಂಡೆ. ಸ್ನಾತಕೋತ್ತರ ಪದವಿಯಲ್ಲಿ ನನಗೆ ಚಿನ್ನದ ಪದಕ ಬಂದಿತ್ತು ಎಂಬುದನ್ನು ಇಲ್ಲಿ ಹೇಳದೆ ಇರುವುದೇ ಆ ವಿಶ್ವವಿದ್ಯಾಲಯಕ್ಕೆ ಒಳ್ಳೆಯದು.

ಕೊನೆಯ ಬೆಳೆಯ ಹುಳ ನಾಲ್ಕನೇ ಜ್ವರದಿಂದ ಎದ್ದು ಆರು ದಿನವಾದ ಭಾನುವಾರ ಹೋದೆ. ಪೆರೇಸಂದ್ರದ ಹತ್ತಿರ ಗೆಳತಿಯ ಮನೆಯಲ್ಲಿ ನಾಮಕರಣವಿತ್ತು, ಅದನ್ನೂ ಬಿಟ್ಟೆ. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ಚಿಕ್ಕಮ್ಮ ನನ್ನ ಚಪ್ಪಲಿ ಬಿಡಿಸಿ, ಕೈಕಾಲು ತೊಳೆಸಿ, ಕತ್ತಿನ ಹತ್ತಿರ ಮೂಸಿ ನೋಡಿ, ಸೆಂಟು ಹಾಕಿಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಬಿಟ್ಟಳು. ಆಗ ತಾನೇ ಸೊಪ್ಪು ಹಾಕಿದ್ದರು. ತಟ್ಟೆತಟ್ಟೆಯಲ್ಲೂ ಬಿಳಿಯ ಹುಳಗಳು ತಲೆ ಆಡಿಸುತ್ತ ಎಲೆಯ ಅಂಚು ಕತ್ತರಿಸುತ್ತಿದ್ದವು, ಮಳೆ ಹಿಡಿದುಬಿಟ್ಟಿತ್ತು. ಯಂತ್ರವನ್ನು ಸರಿಯಾದ ಎತ್ತರದಲ್ಲಿಟ್ಟು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ನಲವತ್ತು ನಿಮಿಷ ಉಸಿರು ಬಿಗಿಹಿಡಿದು ನಿಂತೆ. ಎಷ್ಟು ಚೆನ್ನಾಗಿ ಕೇಳುತ್ತಿತ್ತು! ಕೇಳದೆ ಏನು, ನಾನು ನಿಂತದ್ದು ಹುಳಗಳ ನಡುವೆ; ಹೆಡ್‌ಫೋನ್ ದಾಟಿ ಬರುತ್ತಿದ್ದದ್ದನ್ನೇ ಯಂತ್ರದಿಂದ ಬಂತೆಂದು ತಿಳಿದು ತಲೆದೂಗುತ್ತಿದ್ದೆ.

ವಾಪಸು ಬರುವ ಬಸ್ಸಿನಲ್ಲಿ ಹಾಕಿಕೊಂಡು ಕೇಳಿದೆ. ಏನೂ ಇಲ್ಲ. ಹುಳವಿಲ್ಲ, ಎಲೆಯಿಲ್ಲ, ಮಳೆಯಿಲ್ಲ. ನಲವತ್ತು ನಿಮಿಷ ತೊಳೆದು ಒರೆಸಿಟ್ಟಂಥ ನಿಶ್ಶಬ್ದ. ಅದರ ನಡುವೆ ಒಮ್ಮೆ ನಾನು ಮೂಗು ಎಳೆದುಕೊಂಡದ್ದು, ಕೊನೆಗೆ ಬಾಗಿಲಿನಿಂದ ಚಿಕ್ಕಮ್ಮ ಪಿಸುಗುಟ್ಟಿದ "ಆಯ್ತೇನೇ?" ಎಂಬುದು ಸ್ಫಟಿಕದಂತೆ ಸ್ಪಷ್ಟ. ಹತ್ತಿರ ಹತ್ತಿರ ಮೂರು ತಿಂಗಳು ಕಷ್ಟಪಟ್ಟು ಹುಡುಕಿ, ಈ ತಾಲ್ಲೂಕುಗಳಲ್ಲಿ ಯಾವ ಯಂತ್ರ ಹುಳ ಮೇಯುವ ಸದ್ದನ್ನು ಅತ್ಯಂತ ಸಮರ್ಥವಾಗಿ ಅಳಿಸಿಹಾಕುತ್ತದೋ ಅದನ್ನೇ ಆರಿಸಿ ತಂದಿದ್ದೆ.

ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ ಮೊದಲ ಬಸ್ಸು ಹತ್ತಿದೆ. ಯಂತ್ರದಲ್ಲಿ ಸದ್ದು ಅಳಿಸುವ ಗುಂಡಿಯನ್ನು ಹುಡುಕಿ ಮೂರು ಸಲ ಒತ್ತಿ ಬಂದ್ ಮಾಡಿದ್ದೆ. ಹೋಗಿ ನೋಡಿದರೆ ಹುಳ ಹಣ್ಣಾಗಿದ್ದವು. ಎಂದರೆ ಮೇಯುವುದನ್ನು ನಿಲ್ಲಿಸಿ, ಗೂಡು ಕಟ್ಟುವುದಕ್ಕೆ ಜಾಗ ಹುಡುಕುತ್ತ ತಲೆ ಎತ್ತಿ ಕೂತಿದ್ದವು. ನಾರಾಯಣಮ್ಮ, ಸರೋಜ ಎಂಬ ಊರಿನ ಇಬ್ಬರು ಹೆಂಗಸರು ಅವುಗಳನ್ನು ಆಯ್ದು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ತಟ್ಟಿಗಳಿಗೆ ಬಿಡುತ್ತಿದ್ದರು. ನಾನು ಚೀಲದಿಂದ ಮತ್ತೆ ಯಂತ್ರ ಹೊರತೆಗೆದೆ. ಚಿಕ್ಕಮ್ಮನ ಮುಖ ಸಣ್ಣಗಾಯಿತು.

"ನೆನ್ನೇದು ಬರ್ಲೇ ಇಲ್ವಾ?"

"ಇಲ್ಲ ಚಿಕ್ಕಮ್ಮ. ಇದರಲ್ಲಿ ಸದ್ದು ಅಳಿಸೋ ಗುಂಡಿ ಒಂದಿದೆ, ಅದನ್ನ ಬಂದ್ ಮಾಡಿರಲಿಲ್ಲ. ನನ್ನದೇ ತಪ್ಪು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಬ್ಬಸದ ಉಸಿರು ಎಳೆದುಕೊಂಡು ಒಳಗೆ ಬೆರಳು ತೋರಿಸಿದಳು. "ಆ ಮೂಲೆ ತಟ್ಟೇಲಿ ಹಿಂದೆ ಬಿದ್ದಿರೋ ಹುಳ ಒಂದಷ್ಟವೆ, ಸಂಜೆಗಂಟ ಮೇಯ್ತವೆ. ಇಟ್ಟು ನೋಡು."

ಸೊಪ್ಪು ಹಾಕಿಸಿ ಆ ತಟ್ಟೆಯ ಪಕ್ಕದಲ್ಲೇ ಯಂತ್ರ ಇಟ್ಟೆ. ಹುಳ ಆಯುವುದನ್ನು ನಿಲ್ಲಿಸುವಂತಿರಲಿಲ್ಲ. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. "ದಯವಿಟ್ಟು ಒಂದು ಅರ್ಧ ಗಂಟೆ ಮಾತಾಡಬೇಡಿ" ಎಂದು ಇಬ್ಬರಿಗೂ ಹೇಳಿದೆ. "ನಮ್ಮದೇನಮ್ಮ ಮಾತು, ಬಾಯಿ ಹೊಲ್ಕೊಂಡಿರ್ತೀವಿ" ಎಂದರು. ಹಿಂದಿನ ದಿನದ ಮೂಗಿನ ನೆನಪಾಗಿ ನಾನು ಹೊರಗೆ ಬಂದು ಚಿಕ್ಕಮ್ಮನ ಪಕ್ಕ ಕೂತೆ.

ಮನೆಗೆ ಬಂದು ಕೇಳಿದರೆ ಈ ಸಲ ಬಂದಿತ್ತು. ಸಣ್ಣ ಮಳೆ, ಆದರೆ ಮಳೆಯೇ. ಅದರ ಮೇಲೆ, ಹೊಲಿದುಕೊಂಡ ಬಾಯಿಗಳ ಪಿಸುಮಾತು ಒಂದಕ್ಷರವೂ ಬಿಡದೆ ಬಂದಿತ್ತು.

"ಹುಳ ತಿನ್ನೋ ಸದ್ದು ಹಿಡ್ಕೊಂಡು ಹೋಗ್ತಾಳಂತೆ ಆಯಮ್ಮ."

"ಅಷ್ಟು ಓದಿದ್ದು ಇದಕ್ಕಾ?"

"ಒಂದು ಮೈಕು ಆರ್ಸೋಕೆ ಮೂರು ಬೆಳೆ ತಗೊಂಡ್ಳಂತೆ ಕಣೇ ಸರೋಜ. ಇನ್ನು ಗಂಡನ್ನ ಆರ್ಸೋ ಹೊತ್ತಿಗೆ ಆ ದಾಳಿಂಬೆ ಗಿಡಾನೂ ಮುದಿಯಾಗೋಗಿರ್ತವೆ."

"ಚಿಂತಾಮಣಿ ಕಡೆಯಿಂದ ಒಬ್ಬ ನೋಡೋಕೆ ಬಂದಿದ್ನಲ್ಲ, ಮೇಷ್ಟ್ರು?"

"ಮಾತು ಜಾಸ್ತಿ ಆಡ್ತಾನೆ ಅಂತ ಬೇಡ ಅಂದ್ಲಂತೆ."

"ಆಡ್ಲಿ ಬಿಡು, ಸದ್ದು ಕೊಲ್ಲೋ ಗುಂಡಿ ಐತಲ್ಲ ಈಯಮ್ಮನ ಹತ್ರ, ಒತ್ತಿದ್ರಾಯ್ತು!"

"ಊರ್ಕೋವೇ, ಸುಮ್ನಿರು, ಕೇಳಿಸ್ಬಿಡ್ತದೆ" ಎಂದು ನಾರಾಯಣಮ್ಮ ತೆಲುಗು ಬೆರೆಸಿ ಗದರಿ, ಆಮೇಲೆ ಇಬ್ಬರೂ ನಕ್ಕದ್ದು ಕೂಡ ಇತ್ತು. ಒಟ್ಟು ಇಪ್ಪತ್ತೆಂಟು ನಿಮಿಷ. ಹಿಂದೆ ನನಗೆ ಬಂದಿದ್ದ ಇನ್ನಿಬ್ಬರು ವರರ ವಿಷಯ, ನಾನು ಅವರಿಗೆ ಕಾಫಿ ಕೊಟ್ಟ ರೀತಿ, ನನ್ನ ನಡಿಗೆ ಯಾವ ಅತ್ತೆಯ ಹಾಗಿದೆ ಎಂಬುದರ ಚರ್ಚೆ.

ನನ್ನ ಖಾಸಗಿ ವಿಷಯವನ್ನು ನಾನು ಸಹೋದ್ಯೋಗಿಗಳಿಗೂ ಹೇಳುವವಳಲ್ಲ. ಮಾತುಗಳನ್ನು ತೆಗೆದು ಹುಳ ಮಾತ್ರ ಉಳಿಸುವುದಕ್ಕೆ ಮೂರು ದಿನ ಕಂಪ್ಯೂಟರಿನ ಮುಂದೆ ಕೂತೆ. ಈ ಕೆಲಸಕ್ಕೆಂದೇ ಇರುವ ತಂತ್ರಾಂಶಗಳಿಗೆಲ್ಲ ಶ್ರೀಧರ್ ಅವರದೇ ಬುದ್ಧಿ. ಒಂದು ಗುಂಡಿ ಒತ್ತಿದರೆ ಹುಳಗಳನ್ನು ಗುಡಿಸಿ ಆಚೆ ಹಾಕಿ, ನಾರಾಯಣಮ್ಮನ ಪಿಸುಮಾತಿಗೆ ಇನ್ನಷ್ಟು ಹೊಳಪು ಕೊಡುತ್ತಿದ್ದವು. ಮಾತಿರುವ ಕಡೆಯೆಲ್ಲ ಕತ್ತರಿಸಿದರೆ ಉಳಿದದ್ದು ಹನ್ನೊಂದು ಸೆಕೆಂಡಿನ ಮಳೆ. 'ಈ ಸಲವೂ ಬರಲಿಲ್ಲ ಚಿಕ್ಕಮ್ಮ' ಎಂದು ಹೇಳಿ ಎಲ್ಲವನ್ನೂ ಅಳಿಸಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹತ್ತು ದಿನ ಕಳೆದು ಒಂದು ಸಂಜೆ ಬೆರಳು ಅಲ್ಲಿಯವರೆಗೂ ಹೋಗಿತ್ತು. ಅಷ್ಟರಲ್ಲಿ ಚಿಕ್ಕಪ್ಪನ ಫೋನು ಬಂತು. ಗೂಡು ಬಿಡಿಸಿ ಮಾರಿಯಾಯಿತು, ಹುಳದ ಮನೆ ತೊಳೆದು ಖಾಲಿ ಬಿಟ್ಟಿದ್ದೇವೆ, ನಿಮ್ಮ ಚಿಕ್ಕಮ್ಮ ಮಧ್ಯಾಹ್ನವೆಲ್ಲ ಆ ಗೋಡೆಯ ಹತ್ತಿರ ಸುಮ್ಮನೆ ಕೂತಿರುತ್ತಾಳೆ ಎಂದರು.

ಮುಂದಿನ ಭಾನುವಾರ ಒಂದು ಪುಟ್ಟ ಸ್ಪೀಕರಿನಲ್ಲಿ ಆ ಇಪ್ಪತ್ತೆಂಟು ನಿಮಿಷವನ್ನು ಇದ್ದಂತೆಯೇ ತುಂಬಿಕೊಂಡು ಹೋಗಿ, ಗುಂಡಿ ತೋರಿಸಿ, ಅದು ಶುರುವಾಗುವ ಮೊದಲೇ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಂದೆ. ಎರಡು ದಿನ ಬಿಟ್ಟು ಅವಳೇ ಫೋನು ಮಾಡಿದಳು.

"ಹುಳ ಅಂಗೇ ಮೇಯ್ತಾವೆ ಕಣೇ! ಗೋಡೆ ಆಚೆಗೇ ಇದ್ದಂಗಿದೆ. ದಿನಾ ಮಲಗ್ತಾ ಇದೀನಿ."

"ಮಧ್ಯೆ ಆ ಮಾತು?" ಎಂದು ಕೇಳಿದೆ, ಆದಷ್ಟು ನಿರ್ಲಕ್ಷ್ಯದಿಂದ.

"ಯಾವ ಮಾತು? ಅವರಿಬ್ರೂ ಏನೋ ಗೊಣಗ್ತಾರೆ, ಮೊದಲಿಂದಲೂ ಅಂಗೇ ಅಲ್ವಾ. ನಿನ್ನ ಮದುವೆ ವಿಷ್ಯ ಎತ್ತೋದು ಗೊತ್ತಾಗುತ್ತೆ, ಅಷ್ಟರಲ್ಲಿ ನಂಗೆ ನಿದ್ದೆ ಹತ್ತಿರುತ್ತೆ."

ಫೋನು ಇಟ್ಟ ಮೇಲೆ ಬಹಳ ಹೊತ್ತು ಯೋಚಿಸಿದೆ. ನನ್ನ ಮದುವೆಯ ವಿಷಯ ಎತ್ತಿದ ಕೂಡಲೇ ನಿದ್ದೆ ಹೋಗುವ ಇನ್ನೊಬ್ಬರು ನಮ್ಮ ಬಂಧುಬಳಗದಲ್ಲಿ ಇಲ್ಲ. ಅವಳ ಪಕ್ಕದಲ್ಲಿ ಇನ್ನೂ ಹತ್ತಾರು ಬಂಧುಗಳನ್ನು ಮಲಗಿಸುವಷ್ಟು ದೊಡ್ಡ ಸ್ಪೀಕರು ಯಾವುದಿದೆ ಎಂದು ಈಗ ವಿಡಿಯೊಗಳನ್ನು ನೋಡುತ್ತಿದ್ದೇನೆ.