ಎಲ್ಲಾ ಲಾರಿಗಳು ಬಿಳಿ

ಬ್ಯಾಂಕಿನ ಗುಮಾಸ್ತನಾಗುವವನಿಗೆ ಲಾರಿ ಹಕ್ಕಿಯೋ ಅಲ್ಲವೋ ಎಂಬುದು ಮೊದಲು ಗೊತ್ತಿರಬೇಕು ಎಂದು ಕಂಡುಹಿಡಿದ ಪುಣ್ಯಾತ್ಮ ಯಾರೋ, ಅವನ ದನಿ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಅಣಕಿಸಿ ಸೇಡು ತೀರಿಸಿಕೊಳ್ಳುತ್ತೇನೆ. ನನಗೆ ಬರುವುದು ಅದೊಂದೇ ವಿದ್ಯೆ. ಅದಿರಿನ ಲಾರಿಗಳು ಪುರುಸೊತ್ತಿಲ್ಲದೆ ಓಡುತ್ತಿದ್ದ ಆ ವರ್ಷಗಳಲ್ಲಿ ನಾನು ಕುರುಗೋಡಿನಿಂದ ದಿನಾ ಬಳ್ಳಾರಿಗೆ ಬಂದು ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಕ್ಲಾಸಿನಲ್ಲಿ ಕೂರುತ್ತಿದ್ದೆ. ತಿಂಗಳ ಟೆಸ್ಟಿಗೆ ಮುಂಚೆ ಅಪ್ಪ ಹೇಳಿದ್ದ: "ಲೇ, ಈ ಸಲ ಫೇಲಾದಿ ಅಂದ್ರ ಸೀದಾ ನಿಮ್ಮ ಮಾವನ ಲಾರಿಗೆ ಕ್ಲೀನರ್." ಈ ಮಾತನ್ನು ಅಪ್ಪನ ಕೆಮ್ಮಿನ ಸಮೇತ ಗೆಳೆಯರೆದುರು ಆಡಿ ತೋರಿಸಿ ಎಷ್ಟೋ ಚಹಾ ಗಿಟ್ಟಿಸಿದ್ದೆ.

ಸಿರುಗುಪ್ಪದ ಕಡೆಯ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: ಎಲ್ಲಾ ಲಾರಿಗಳು ಬಿಳಿ. ಕೆಲವು ಬಿಳಿ ವಸ್ತುಗಳು ಹಕ್ಕಿಗಳು. ಹಾಗಾದರೆ ಕೆಲವು ಲಾರಿಗಳು ಹಕ್ಕಿಗಳೇ?

"ಬಿಳಿ ಲಾರಿ ಎಲ್ಲದಾವ್ರಿ ಸರ್? ಅದಿರಿನ ಧೂಳಿಗೆ ನನ್ನ ಅಂಗಿನೇ ಬಸ್‌ಸ್ಟ್ಯಾಂಡಿಗೆ ಬರೂದ್ರೊಳಗ ಕೆಂಪಾಗಿರತೈತಿ" ಎಂದೆ.

"ಲಾರಿ ನೋಡಾಕ ಹೊರಗ ಹೋಗಬ್ಯಾಡಪ್ಪಾ. ಹೇಳಿದ್ದಷ್ಟ ಹಿಡಿ, ಹೇಳಲಾರದ್ದು ಸೇರಿಸಬ್ಯಾಡ" ಎಂದರು.

'ಹೌದು, ಹಕ್ಕಿಗಳೇ' ಎಂದು ಬರೆದುಕೊಂಡಿದ್ದ ನನ್ನನ್ನು ಉಳಿಸಿದವನು ಪಕ್ಕದ ಬೆಂಚಿನ ಖಾಜಾ. ಅವರ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಕ್ಲಾಸು ಮುಗಿದ ಮೇಲೆ ನನ್ನನ್ನು ಅಲ್ಲಿಗೆ ಕರೆದೊಯ್ದು, ಕತ್ತರಿಸಿಟ್ಟಿದ್ದ ಪ್ಯಾಂಟಿನ ಕಾಲಿನ ಮೇಲೆ ಚಾಕ್‌ಪೀಸಿನಿಂದ ದೊಡ್ಡ ವೃತ್ತ ಎಳೆದ. "ಇದು ಬಿಳಿ. ಲಾರಿ ಪೂರಾ ಇದರೊಳಗ, ಈ ಮೂಲ್ಯಾಗ. ಹಕ್ಕಿ ಆ ಮೂಲ್ಯಾಗ, ಅರ್ಧ ಒಳಗ, ಅರ್ಧ ಹೊರಗ. ಎರಡೂ ಮುಟ್ಟಲೇಬೇಕು ಅಂತ ಯಾರರ ಹೇಳ್ಯಾರೇನು?"

"ಇಲ್ಲ."

"ಮತ್ತ ನೀ ಯಾಕ ಗಂಟು ಹಾಕ್ತಿ ಲೇ?"

ಅಷ್ಟರಲ್ಲಿ ಅವನ ತಾಯಿ ಮಷೀನಿನಿಂದ ತಲೆ ಎತ್ತಿ, "ಆ ಕಾಲು ಇವತ್ತ ಹೊಲಿಯೋದೈತಿ. ಹಕ್ಕಿ ಒರಸು" ಎಂದರು. ಹಕ್ಕಿ ಅಳಿಯಿತು, ವಿದ್ಯೆ ಉಳಿಯಿತು. ಟೆಸ್ಟಿನಲ್ಲಿ ಪಾಸಾದೆ.

ಬಸ್ಸಿಳಿದವನೇ ಮನೆಗೆ ಓಡಿದೆ. "ಯಪ್ಪಾ, ಪಾಸ್. ಲಾರಿ ತಪ್ಪಿತು."

"ಚಲೋ ಆತು" ಎಂದ ಅಪ್ಪ. "ಮಾವನ ಕ್ಲೀನರ್ ಊರಿಗೆ ಹೋಗ್ಯಾನ. ನಾಳಿಂದ ಹದಿನೈದು ದಿನ ನೀ ಹೋಗು."

"ಫೇಲಾದ್ರ ಅಂತ ಅಂದಿದ್ಯಲ್ಲ ನೀನು?"

"ಅಂದಿದ್ದೆ. ಪಾಸಾದ್ರ ಬ್ಯಾಡ ಅಂತ ಅಂದಿದ್ನೇನು?"

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು ಅಪ್ಪ. ನಾನು ನಿಂತಲ್ಲೇ ಮನಸ್ಸಿನಲ್ಲಿ ವೃತ್ತ ಎಳೆದು ನೋಡಿದೆ. ಅಪ್ಪನ ಮಾತಿನಲ್ಲಿ ಎಲ್ಲೂ ತಪ್ಪಿರಲಿಲ್ಲ. ಫೇಲಾದವರೆಲ್ಲ ಹತ್ತಿ ಕೂತ ಮೇಲೂ ಲಾರಿಯಲ್ಲಿ ಪಾಸಾದವನೊಬ್ಬನಿಗೆ ಧಾರಾಳವಾಗಿ ಜಾಗವಿತ್ತು.