ಸಾಲಿನ ಬಾಲ

ಬಾಗಿಲ ಬಳಿಯ ಚಪ್ಪಲಿಗಳನ್ನು ಅವನು ಜೋಡಿಸುತ್ತಿದ್ದ. ಹೆಂಡತಿಯದು, ಮಗಳದು, ತನ್ನದು. ಒಂದರ ತುದಿ ಕೂದಲೆಳೆಯಷ್ಟು ಮುಂದೆ ಬಂದರೂ ಮತ್ತೆ ಮೊದಲಿನಿಂದ.

ಬಾಟಲಿ ಕಾರ್ಖಾನೆಯಲ್ಲಿ ಅವನ ಕೆಲಸವೇ ಅದಾಗಿತ್ತು. ಓಡುವ ಬೆಲ್ಟಿನ ಕೊನೆಯಲ್ಲಿ ನಿಂತು ವಾಲಿದ ಬಾಟಲಿಯನ್ನು ನೆಟ್ಟಗೆ ಮಾಡುವುದು. ಸಾಲಿನ ಸೊಟ್ಟು ಬಾಲದಲ್ಲಿ ನಿಂತವನಿಗೇ ಕಾಣುವುದು ಎಂಬುದೊಂದೇ ಅವನು ಬದುಕಿನಲ್ಲಿ ಕಲಿತ ಪಾಠ. ಕೇರಿಯವರು ಅವನನ್ನು ಸಾಲಪ್ಪ ಎನ್ನುತ್ತಿದ್ದರು. ಕಳೆದ ವಾರ ಅವನ ಜಾಗಕ್ಕೆ ಯಂತ್ರ ಬಂತು. ಯಂತ್ರಕ್ಕೆ ಸೊಂಟ ನೋಯುವುದಿಲ್ಲವಂತೆ.

"ಚಪ್ಪಲಿ ಸಾಕು," ಎಂದಳು ಹೆಂಡತಿ. "ಇವತ್ತೇ ಹೋಗಿ ವಿಮೆಗೆ ಹೆಸರು ಬರೆಸಿ. ನಾಳೆಯಿಂದ ಹೊಸ ನಿಯಮ."

ಕೆಲಸ ಕಳೆದುಕೊಂಡವರಿಗೆ ಹಳೆಯ ನಿಯಮದಲ್ಲಿ ಅರ್ಧ ಸಂಬಳ, ಒಂದು ವರ್ಷ. ಹೊಸದರಲ್ಲಿ ಮುಕ್ಕಾಲು ಸಂಬಳ, ಆದರೆ ಮೂರೇ ತಿಂಗಳು.

"ಮುಕ್ಕಾಲೇ ಜಾಸ್ತಿ ಅಲ್ವೇನೇ?"

"ಕೆಲಸ ಕೊಡಿ ಅಂತ ಬಾಯಿ ಬಿಡೋಕೇ ನಿಮಗೆ ಮೂರು ತಿಂಗಳು ಬೇಕು. ಹೊರಡಿ."

ಪಕ್ಕದ ಮನೆಯ ದರ್ಜಿಗೂ ಕೆಲಸ ಹೋಗಿತ್ತು. ಇಬ್ಬರೂ ಕಚೇರಿಗೆ ಹೋದರೆ, ಅಲ್ಲಿ ಜೇನುಗೂಡಿಗೆ ಕಲ್ಲು ಬಿದ್ದ ಹಾಗಿತ್ತು. ಇದ್ದದ್ದು ಒಂದೇ ಕಿಟಕಿ. ಅದರ ಹಿಂದೆ ಒಬ್ಬ ದಿನಗೂಲಿ ಗುಮಾಸ್ತ, ಕೂಗಿ ಕೂಗಿ ಕೆಂಪಾಗಿದ್ದ.

"ತಳ್ಳಬೇಡ್ರೀ! ಇದಕ್ಕೇ ಹೊಸ ನಿಯಮ ಸರಿ ಅನ್ನೋದು. ವರ್ಷಗಟ್ಟಲೆ ಕೊಟ್ರೆ ಸೋಮಾರಿತನ ಬೇರು ಬಿಡತ್ತೆ. ಮನಸ್ಸಿದ್ರೆ ಮೂರು ತಿಂಗಳು ಧಾರಾಳ!"

"ಅದೂ ನಿಜವೇ," ಎಂದ ಒಬ್ಬ ಲಾರಿ ಡ್ರೈವರ್. "ಕೆಲಸ ಹೋದ ಹೊಸದರಲ್ಲೇ ಅಲ್ವಾ ದುಡ್ಡಿಗೆ ಹೆಚ್ಚು ಕಷ್ಟ ಆಗೋದು?"

"ನಾಲ್ಕನೇ ತಿಂಗಳು ಹೊಟ್ಟೆಗೇನು ಹೇಳ್ತೀಯಣ್ಣ?" ದರ್ಜಿ ಕೇಳಿದ. "ನಿಯಮ ಬದಲಾಗಿದೆ, ಹಸೀಬೇಡ ಅಂತಲಾ?"

ಸಾಲಪ್ಪನಿಗೆ ಇದೊಂದೂ ಕೇಳಿಸಲಿಲ್ಲ. ಪಡವಲಕಾಯಿಯಂತೆ ಸೊಟ್ಟಗಿದ್ದ ಆ ಸಾಲು ಕಂಡು ಅವನ ಕೈ ತುರಿಸುತ್ತಿತ್ತು.

"ಅಕ್ಕ, ಸ್ವಲ್ಪ ಎಡಕ್ಕೆ. ಡ್ರೈವರಣ್ಣ, ಮೊಣಕೈ ಒಳಗೆ. ಅಜ್ಜಿ, ಕಾಗದ ಈಗಲೇ ಕೈಯಲ್ಲಿ ಹಿಡ್ಕೊಳ್ಳಿ, ಕಿಟಕಿ ಹತ್ರ ಚೀಲ ತಡಕಬೇಡಿ."

ಮೆಲ್ಲಗೆ ಗದ್ದಲ ಇಳಿಯಿತು. ಸೂಜಿಯ ಕಣ್ಣಿಗೆ ದಾರ ಹೋದಂತೆ ಜನ ಒಬ್ಬೊಬ್ಬರಾಗಿ ಕಿಟಕಿ ದಾಟತೊಡಗಿದರು. ತಳ್ಳುತ್ತಿದ್ದವರು ತಮ್ಮ ಕಾಲುಗಳನ್ನು ತಾವೇ ಮೊದಲ ಸಲ ಕಂಡವರಂತೆ ನೋಡಿಕೊಂಡರು. ಎಳೆ ಮಗುವೊಂದು ಕೂಡ ಅಳು ನಿಲ್ಲಿಸಿ ಕಣ್ಣರಳಿಸಿತು. ಅಜ್ಜಿ ಗಲ್ಲಕ್ಕೆ ಕೈಯಿಟ್ಟಳು. "ಅಯ್ಯೋ, ನಾವು ಇಷ್ಟು ಚೆಂದ ಇದ್ದೀವಾ!"

ಹೊಸಬರು ಬಂದು ಸೇರಿದಂತೆಲ್ಲ ಸಾಲಪ್ಪ ಅವರ ಹಿಂದಕ್ಕೆ ಹೋದ. ಬಾಲದಿಂದಲ್ಲದೆ ಸೊಟ್ಟು ಕಾಣುವುದು ಹೇಗೆ?

"ಲೋ, ನಿನ್ನದಾಯ್ತಾ?" ಹೆಸರು ಬರೆಸಿ ಹೊರಟ ದರ್ಜಿ ಬಾಗಿಲಿಂದ ಕೇಳಿದ.

"ಇವರೊಬ್ರು ನೆಟ್ಟಗಾಗ್ಲಿ."

ಊಟದ ಹೊತ್ತಿಗೆ ಎಲ್ಲರದೂ ಮುಗಿದು ಸಾಲಪ್ಪನೊಬ್ಬನೇ ಉಳಿದ. ಅವನು ಕಿಟಕಿಗೆ ಬರುವುದಕ್ಕೂ ಒಳಕೋಣೆಯಿಂದ ಸಾಹೇಬರು ಹೊರಬರುವುದಕ್ಕೂ ಸರಿಹೋಯಿತು. ನಿಶ್ಶಬ್ದವೇ ಅವರನ್ನು ಎಬ್ಬಿಸಿತ್ತು. ಖಾಲಿಯಾದ ಹಜಾರ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಇಡೀ ದಿನದ ಕೆಲಸ ಇಷ್ಟು ಬೇಗ ಮುಗೀತಾ? ಯಾರಪ್ಪ ಮಾಡಿದ್ದು?"

ಗುಮಾಸ್ತ ಎದೆ ಉಬ್ಬಿಸಿದ. "ನಾನೇ ಸಾರ್. ಸ್ವಲ್ಪ ಶಿಸ್ತು ಕಲಿಸಿದೆ."

"ಭೇಷ್! ಇಷ್ಟು ಶಿಸ್ತಿನ ಜನಕ್ಕೆ ದಿನಗೂಲಿಯವನೊಬ್ಬ ಬೇರೆ ಯಾಕೆ? ನಾಳೆಯಿಂದ ನಾನೇ ನೋಡ್ಕೋತೀನಿ. ನೀನಿನ್ನು ಹೊರಡಪ್ಪ. ಈ ವಿಷಯ ಮೇಲಿನವರಿಗೆ ಈಗ್ಲೇ ಹೇಳ್ಬೇಕು!" ಬೆರಗು ಮಾಸುವ ಮೊದಲೇ ಹೇಳಿಬಿಡಬೇಕೆಂದು ಅವರು ಕಾರು ಹತ್ತಿ ಹೋಗಿಯೇಬಿಟ್ಟರು.

ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಿದ. ಆಮೇಲೆ ಎದ್ದು, ಪಕ್ಕದ ಬಾಗಿಲಿನಿಂದ ಸುತ್ತಿ ಬಂದು, ಸಾಲಪ್ಪನ ಹಿಂದೆ ನಿಂತ.

"ಮೂರು ತಿಂಗಳಲ್ಲಿ ಯಾರಿಗ್ರೀ ಸಿಗತ್ತೆ ಕೆಲಸ?" ಎಂದ ಮೆತ್ತಗೆ. "ಹಳೇ ನಿಯಮದಲ್ಲೇ ಬರೆಸ್ಬೇಕು. ಇವತ್ತೇ ಕೊನೆ."

ಸಾಲಪ್ಪ ತಿರುಗಿ ನೋಡಿದ. ಗುಮಾಸ್ತನ ಭುಜ ತುಸು ಬಲಕ್ಕೆ ವಾಲಿತ್ತು. ಹಿಡಿದು ನೆಟ್ಟಗೆ ಮಾಡಿದ. ಅವನ ಹಿಂದಕ್ಕೆ ಹೋಗಲು ಕಾಲೆತ್ತಿದವನು, ಹೆಂಡತಿಯ ಮುಖ ನೆನಪಾಗಿ ಇಳಿಸಿದ.

ಕಿಟಕಿಗೆ ಬಗ್ಗಿದ. ಒಳಗೆ ಖಾಲಿ ಕುರ್ಚಿಯ ಮೇಲೆ ಫ್ಯಾನು ತಿರುಗುತ್ತಿತ್ತು.

"ಸ್ವಾಮಿ," ಎಂದ, "ನನ್ನ ಹೆಸರೊಂದು ಬರ್ಕೊಳ್ಳಿ."